ತಾರೀಖಿಲ್ಲದ ನಕ್ಷೆಗೆ ತಾರೀಖು ಬಂದದ್ದು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ದಿನ ಒಂದು ಚಿತ್ರ ತೋರಿಸುತ್ತಾರೆ. ಎಡಗಡೆ ಒಂದು ಡಬ್ಬ, ಬಲಗಡೆ ಒಂದು ಡಬ್ಬ, ನಡುವೆ ಹೋಗುವ ಬಾಣ, ಬರುವ ಬಾಣ. ಇಷ್ಟೇ ಕೆಲಸ ಎನ್ನುತ್ತಾರೆ. ನನಗೂ ಹಾಗೇ ತೋರಿಸಿದ್ದರು. ಹೋದದ್ದು ಹೋದ ಹಾಗೇ ವಾಪಸ್ ಬರುತ್ತದೆ ಎಂದು ನಾನೂ ಕೆಲವು ತಿಂಗಳು ನಂಬಿದ್ದೆ. ನೀವು ನಂಬಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲಿನ ವಿಚಾರ ಇಲ್ಲಿ ಸಿಗುವುದಿಲ್ಲ. ಶಾಲು ಬಂದಿತ್ತು. ಅದನ್ನು ಮಿಕ್ಸಿಗೆ ಧೂಳು ಕೂರದಂತೆ ಹೊದಿಸಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಕ್ಷೆ ಒಂದು ವಸ್ತುವಾದರೆ, ಆ ನಕ್ಷೆಯ ಜಾತಕ ಇನ್ನೊಂದು. ಯಾರು ಬರೆದರು, ಯಾವಾಗ ಬರೆದರು, ಯಾವ ಸೀಮೆಯದು, ಎಷ್ಟು ನಂಬಬಹುದು ಎಂಬುದೆಲ್ಲ ಆ ಜಾತಕದಲ್ಲಿರುತ್ತದೆ. ಇದಕ್ಕೆ ಮೆಟಾಡೇಟಾ ಎಂದು ಹೆಸರು. ಕಂಪ್ಯೂಟರಿನ ಹೊಟ್ಟೆಯೊಳಗೆ ಈ ಜಾತಕ ತುಂಡುತುಂಡಾಗಿ ಅದರದೇ ರೀತಿಯಲ್ಲಿ ಕೂತಿರುತ್ತದೆ. ಬೇರೆ ಕಚೇರಿಗೆ ಕಳಿಸಬೇಕೆಂದರೆ ಎಕ್ಸ್‌ಎಂಎಲ್ ಎಂಬ ಬರವಣಿಗೆಯಲ್ಲಿ ಇಳಿಸಬೇಕು. ಅಲ್ಲಿ ಪ್ರತಿ ಮಾತಿಗೂ ಮುಂದೊಂದು ಟ್ಯಾಗು, ಅಂದರೆ ಹೆಸರಿನ ಚೀಟಿ, ಹಿಂದೊಂದು ಟ್ಯಾಗು. ಒಂದು ತಾರೀಖು ಹೇಳುವುದಕ್ಕೆ ಐದು ಸಾಲು ಬೇಕು. ಅಲ್ಲಿಂದ ಬಂದದ್ದನ್ನು ಹಾಗೆಯೇ ಬಿಡಿಸಿ ಒಳಗಿಟ್ಟುಕೊಳ್ಳಬೇಕು. ಇಳಿಸುವ ಪ್ರೋಗ್ರಾಂ ಬರೆದವಳು ನಾನು. ಬಿಡಿಸಿಕೊಳ್ಳುವ ಪ್ರೋಗ್ರಾಂ ಬರೆದವನು ದೊಡ್ಡಗಾಜನೂರಿನ ಶಿವಮಲ್ಲಪ್ಪ.

ನಮ್ಮ ಕಚೇರಿ ತಮಿಳುನಾಡಿನ ಗಡಿಯೊಳಗಿನ ತಾಳವಾಡಿ ಬೆಟ್ಟದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಬೆಟ್ಟದ ಮೇಲಿನ ಹಳೆಯ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಜಾತಕ ಬರೆಯುವ ಗುತ್ತಿಗೆ ಹಿಡಿದ ಒಂದು ಸಣ್ಣ ಸಂಸ್ಥೆ ಅದು. ಕೆಳಗೆ ರಾಗಿ ಬೀಸಲು ಶುರುಮಾಡಿದರೆ ಮೇಲೆ ನಮ್ಮ ಮಾನಿಟರು ನಡುಗುತ್ತಿತ್ತು. ಕೀಬೋರ್ಡಿನ ಸಂದಿಗಳಲ್ಲಿ ಹಿಟ್ಟು ಸೇರಿಕೊಂಡು ಮಳೆಗಾಲದಲ್ಲಿ ಗಟ್ಟಿಯಾಗುತ್ತಿತ್ತು. ಅದಕ್ಕೆ ಮೊದಲು ನಾನು ಬಟ್ಟೆಯಂಥ ಕಾಗದದ ಮೇಲೆ ಶಾಯಿಯಲ್ಲಿ ನಕ್ಷೆ ನಕಲು ಎಳೆಯುತ್ತಿದ್ದವಳು. ಎರಡು ಸಾವಿರ ಇಸವಿ ದಾಟಿದ ಮೇಲೆ ಶಾಯಿ ಹೋಯಿತು, ಕಂಪ್ಯೂಟರ್ ಬಂತು. ತಲೆ ನರೆಯುವ ವಯಸ್ಸಿನಲ್ಲಿ ಪ್ರೋಗ್ರಾಂ ಕಲಿತೆ. ಕಲಿಸಿದವರು ಯಾರೂ ಇಲ್ಲ, ಹೆದರಿಸಿದವರು ಬಹಳ ಜನ ಇದ್ದರು.

ಅವರಲ್ಲಿ ಮೊದಲಿಗರು ನಮ್ಮ ಮೇಲಧಿಕಾರಿ ನಟರಾಜನ್ ಸಾರ್. ಸತ್ಯಮಂಗಲದ ಕಡೆಯವರು. ವಾರಕ್ಕೊಮ್ಮೆ ದಿಂಬಂ ಘಟ್ಟ ಹತ್ತಿ ಬರುವಾಗ ತಲೆ ಸುತ್ತದಿರಲಿ ಎಂದು ನಿಂಬೆಹಣ್ಣು ಮೂಸುತ್ತಾ ಬರುತ್ತಿದ್ದರು. ಕಚೇರಿಗೆ ಬಂದ ಮೇಲೂ ಆ ಹಣ್ಣು ಕೈಯಲ್ಲೇ ಇರುತ್ತಿತ್ತು. ನಾವು ಏನಾದರೂ ತಾಂತ್ರಿಕವಾಗಿ ವಿವರಿಸಲು ಹೊರಟರೆ ಅದನ್ನು ಮತ್ತೆ ಮೂಗಿನ ಹತ್ತಿರ ಒಯ್ಯುತ್ತಿದ್ದರು. ಅವರಿಗೆ ಬೇಕಾದದ್ದು ಒಂದೇ ಮಾತು: ಪಾಸಾಯಿತಾ, ಇಲ್ಲವಾ.

ಪಾಸು ಮಾಡುವುದು ವ್ಯಾಲಿಡೇಟರ್ ಎಂಬ ಇನ್ನೊಂದು ಪ್ರೋಗ್ರಾಂ. ಫೈಲು ಕೊಟ್ಟರೆ ತಪ್ಪಿರುವ ಕಡೆ ಕೆಂಪು ಗೆರೆ, ಸರಿಯಿದ್ದರೆ ಹಸಿರು. ಇದರ ಬುದ್ಧಿ ಎಷ್ಟೆಂದರೆ, ತಾರೀಖಿನ ಜಾಗದಲ್ಲಿ ತಾರೀಖಿನಂಥದ್ದು ಇದೆಯೇ ಎಂದು ಮಾತ್ರ ನೋಡುತ್ತದೆ. ಆ ತಾರೀಖು ನಿಜವೇ ಎಂದು ಕೇಳುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ನಿಂತು, ರೇಷ್ಮೆ ಸೀರೆ ಉಟ್ಟವರನ್ನೆಲ್ಲ ನೆಂಟರೆಂದು ಒಳಗೆ ಬಿಡುವ ಮುದುಕನ ಹಾಗೆ.

ಮೊದಲ ದೊಡ್ಡ ಅನಾಹುತ ಅದರ ದೆಸೆಯಿಂದಲೇ ಆಯಿತು. ಒಂದು ಸೀಮೆ ಭೂಮಿಯ ಮೇಲೆ ಎಲ್ಲಿದೆ ಎಂಬುದಕ್ಕೆ ಅಕ್ಷಾಂಶ, ರೇಖಾಂಶ ಬರೆಯಬೇಕು. ನಮಗೆ ಗುತ್ತಿಗೆ ಕೊಟ್ಟ, ಘಟ್ಟದ ಕೆಳಗಿನ ಕಚೇರಿಯಿಂದ ಬಂದ ಫೈಲುಗಳಲ್ಲಿ ಇವೆರಡೂ ಅದಲುಬದಲಾಗಿದ್ದವು. ವ್ಯಾಲಿಡೇಟರ್ ಹಸಿರು ತೋರಿಸಿತು. ಎರಡೂ ಸಂಖ್ಯೆಗಳೇ ತಾನೇ! ನಟರಾಜನ್ ಸಾರ್ ಎಲ್ಲರಿಗೂ ಬೋಂಡಾ ತರಿಸಿದರು. ತಿಂದು ಕೈ ಒರೆಸಿಕೊಂಡು ಪರದೆಯಲ್ಲಿ ಭೂಗೋಳ ತೆರೆದು ನೋಡಿದರೆ ನಮ್ಮ ಪಕ್ಕದ ಊರು ಪಣಕಹಳ್ಳಿ ಉತ್ತರ ಧ್ರುವದ ಹತ್ತಿರ ಸಮುದ್ರದೊಳಗೆ ಕೂತಿತ್ತು.

"ಪಣಕಳ್ಳೀಲಿ ಮಂಜು ಬೀಳ್ತದ ನಿಜ ಕಣಕ್ಕ," ಅಂದ ಶಿವಮಲ್ಲಪ್ಪ, "ಆದ್ರ ಇಷ್ಟೊಂದಲ್ಲ."

ನಟರಾಜನ್ ಸಾರ್ ನಿಂಬೆಹಣ್ಣು ಮೂಸಿದರು. "ಹಸಿರು ಬಂತಲ್ಲ? ಎನ್ನ ಪ್ರಾಬ್ಲಂ, ಏನು ತೊಂದರೆ?" ಎಂದರು.

ಇನ್ನೊಂದು ಸಲ ಊರ ಹೆಸರುಗಳನ್ನು ಕನ್ನಡದಲ್ಲಿ ಬರೆದು ಕಳಿಸಿದೆವು. ಆಗಿನ ಕಾಲದ ಕನ್ನಡ ಅಕ್ಷರ ನಮ್ಮ ಕಂಪ್ಯೂಟರಿನಲ್ಲಿ ಒಂದು ತರಹ, ಬೇರೆಯದರಲ್ಲಿ ಇನ್ನೊಂದು ತರಹ. ವಾಪಸ್ ಬಂದಾಗ ಒಂದೊಂದು ಊರಿನ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಿತ್ತು. ಕೆಳಗಿನ ಕಚೇರಿಯವರು, ಈ ಊರುಗಳು ಇವೆಯೋ ಇಲ್ಲವೋ ನಿಮಗೇ ಅನುಮಾನವೇ ಎಂದು ಗಂಭೀರವಾಗಿ ಕೇಳಿದರು. ನಾವೂ ಗಂಭೀರವಾಗಿಯೇ, ಇವೆ ಎಂದು ತಿಳಿಸಿದೆವು. ನಗುವಂಥ ವಿಚಾರಗಳು ಇಲ್ಲಿಗೆ ಮುಗಿದವು.

ಶಿವಮಲ್ಲಪ್ಪನದು ಶಿವಭಕ್ತರ ಮನೆ. ಹಣೆಗೆ ವಿಭೂತಿ ಹಚ್ಚದೆ ಕಂಪ್ಯೂಟರ್ ಆನ್ ಮಾಡುತ್ತಿರಲಿಲ್ಲ. ಒಳ್ಳೆಯ ಹುಡುಗ. ಒಳ್ಳೆಯತನವೇ ಅವನಿಗಿದ್ದ ತೊಂದರೆ. ಅವರಮ್ಮ ಆಗಾಗ ಅವರೆಕಾಳಿನ ಸಾರನ್ನು ಡಬ್ಬಿಯಲ್ಲಿ ತುಂಬಿ ನನಗೆ ಕಳಿಸುತ್ತಿದ್ದರು. ಡಬ್ಬಿ ತೊಳೆದು ವಾಪಸ್ ಕೊಡುವಾಗ ಅದರಲ್ಲಿ ಒಂದು ಹಿಡಿ ಸಕ್ಕರೆಯನ್ನೋ ಒಂದು ತುಂಡು ಬೆಲ್ಲವನ್ನೋ ಹಾಕಿ ಕೊಡುತ್ತಿದ್ದೆ. ನಮ್ಮ ಕಡೆ ಯಾರೂ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯನ್ನಾದರೂ ಹಾಕುತ್ತೇವೆ. ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದೂ ಇಲ್ಲ, ಕೈಗೇ ಬಂದುಬಿಟ್ಟಿರುತ್ತದೆ.

ಶಿವಮಲ್ಲಪ್ಪನ ಕೈಗೂ ಬಂದಿತ್ತು. ಕೆಳಗಿನಿಂದ ಬರುವ ಎಕ್ಸ್‌ಎಂಎಲ್‌ನಲ್ಲಿ ಅರ್ಧಕ್ಕರ್ಧ ಟ್ಯಾಗುಗಳು ಖಾಲಿ ಇರುತ್ತಿದ್ದವು. ಖಾಲಿ ಬಂದದ್ದನ್ನು ಖಾಲಿಯಾಗಿಯೇ ಒಳಗಿಟ್ಟುಕೊಂಡು ಖಾಲಿಯಾಗಿಯೇ ವಾಪಸ್ ಕಳಿಸುವುದು ಅವನ ಮನಸ್ಸಿಗೆ ಒಗ್ಗಲಿಲ್ಲ. ಫೋನ್ ನಂಬರ್ ಇಲ್ಲದ ಕಡೆ ನಮ್ಮ ಕಚೇರಿಯ ನಂಬರ್ ಹಾಕುವಂತೆ ಪ್ರೋಗ್ರಾಂ ಬರೆದ. ಬರೆದವರ ಹೆಸರಿಲ್ಲದಿದ್ದರೆ ನಟರಾಜನ್ ಸಾರ್ ಹೆಸರು. ತಾರೀಖು ಇಲ್ಲದಿದ್ದರೆ ಆ ದಿನದ ತಾರೀಖು. ಕೆಂಪು ಗೆರೆಗಳೆಲ್ಲ ಒಂದೇ ಬೆಳಿಗ್ಗೆ ಮಾಯವಾದವು. ಬೆಟ್ಟದ ಅಷ್ಟೂ ನಕ್ಷೆಗಳನ್ನು ತಾವೇ ಬರೆದ ಹಾಗಾದದ್ದನ್ನು ಕಂಡು ನಟರಾಜನ್ ಸಾರ್ ಅವನ ಬೆನ್ನು ತಟ್ಟಿದರು. ಅವುಗಳಲ್ಲಿ ಕೆಲವು ಅವರ ತಾತ ಹುಟ್ಟುವ ಮೊದಲಿನವು.

ಈ ಜಾತಕ ಹೇಗೆ ಬರೆಯಬೇಕೆಂದು ಹೇಳುವ ಅಂತರರಾಷ್ಟ್ರೀಯ ಮಾದರಿಯ ದಪ್ಪ ಪುಸ್ತಕವನ್ನು ನಾನು ಓದಿದ್ದೆ. ಅದರಲ್ಲಿ ಇದಕ್ಕೊಂದು ದಾರಿ ಇತ್ತು. ಖಾಲಿ ಬಿಡಬಹುದು, ಆದರೆ ಯಾಕೆ ಖಾಲಿ ಎಂದು ಹೇಳಬೇಕು. ‘ಗೊತ್ತಿಲ್ಲ’ ಎಂದು ಬರೆದರೂ ಪಾಸಾಗುತ್ತದೆ. ಪರವಾಗಿಲ್ಲ, ಲೋಕದಲ್ಲಿ ಎಲ್ಲೋ ಒಂದು ಕಡೆ ಪ್ರಾಮಾಣಿಕರು ಕೂತು ಸಮಿತಿ ಮಾಡಿದ್ದಾರೆ ಎಂದು ಸಂತೋಷವಾಯಿತು. ನಟರಾಜನ್ ಸಾರ್‌ಗೆ ಪುಟ ತೆರೆದು ತೋರಿಸಿದೆ.

"ಗೌರಮ್ಮಾ," ಎಂದರು ಅವರು, ಮಗುವಿಗೆ ಬುದ್ಧಿ ಹೇಳುವಂತೆ. "ನಾವು ಆಫೀಸು. ಆಫೀಸ್ ಫೈಲ್‌ನಲ್ಲಿ ಯಾರಾದ್ರೂ ‘ತೆರಿಯಾದು’ ಅಂತ ಬರೀತಾರಾ? ಗೊತ್ತಿಲ್ಲ ಅಂದ್ರೆ ಗುತ್ತಿಗೆ ಯಾಕೆ ಕೊಟ್ರು ಅಂತ ಕೇಳಲ್ವಾ?"

ಫೈಲುಗಳೆಲ್ಲ ಹಸಿರು ಬಣ್ಣದಲ್ಲಿ ಘಟ್ಟ ಇಳಿದು ಹೋದವು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗಿರಣಿಯ ಮೆಟ್ಟಿಲು ಹತ್ತಿಕೊಂಡು ಕೆಂಪಮ್ಮ ಬಂದಳು. ಜೀರಹಳ್ಳಿಯ ಆಚೆ ಕಾಡಂಚಿನಲ್ಲಿ ಕೂಲಿಗಾರರ ಒಂದು ಕೇರಿ ಇದೆ. ಅಲ್ಲಿಯವಳು. ಬೆಳ್ಳುಳ್ಳಿ ಕೀಳುವ, ಕೋಸು ಕೊಯ್ಯುವ ಕೆಲಸಕ್ಕೆ ನಮ್ಮ ಅಣ್ಣನ ಹೊಲಕ್ಕೂ ಬರುತ್ತಿದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಾಗಿಲಲ್ಲೇ ನಿಂತಳು.

"ಅಮ್ಮಾರೆ, ನಮ್ಮನೆಗೋಳ ಕಿತ್ತಾಕ್ಬುಡ್ತಾರಂತ. ನೀವ್ ಮಾಡಿರ ನಕ್ಸೇಲಿ ನಮ್ಮನೆಗೋಳು ಇಲ್ವಂತಲ್ಲ?"

"ಯಾರು ಹೇಳಿದ್ದು?"

"ಕೆಳಗಿಂದ ಒಬ್ಬ ಆಪೀಸರು ಬಂದಿದ್ರು. ಕರೆಂಟ್ಗ ಅಂತ ಮನು ಕೊಟ್ಟಿದ್ವಿ. ವೊಸಾ ನಕ್ಸೇಲಿ ಇಲ್ಲಿ ಬರೀ ಕಾಡದ, ನೀವು ಈಚ್ಗ ಬಂದು ಸೇರ್ಕಂಡೋರು, ಖಾಲಿ ಮಾಡಿ ಅಂದ್ರು. ನಮ್ ಮಾವ ಕಟ್ದ ಮನೆ ಅಮ್ಮಾರೆ ಅದು. ನಾನು ಸೇರಕ್ಕಿ ಒದ್ದು ಒಳಕ್ಕ ಬಂದಿದ್ದೇ ಆ ಮನೆಗ."

ಮನು ಎಂದರೆ ಅರ್ಜಿ. ಕೇರಿಯವರು ದೀಪ ಕೇಳಿ ಅರ್ಜಿ ಕೊಟ್ಟದ್ದಕ್ಕೆ ಮನೆಯೇ ಹೋಗುವ ಹಾಗಾಗಿತ್ತು. ನಾನೂ ಶಿವಮಲ್ಲಪ್ಪನೂ ಆ ನಕ್ಷೆಯನ್ನು ತೆರೆದು ನೋಡಿದೆವು. ಅದು ತೀರಾ ಹಳೆಯ ಹಾಳೆ. ತಾರೀಖು ಬರೆದಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಆ ಹಾಳೆ ಬರೆದ ಕಾಲದಲ್ಲಿ ಅಲ್ಲಿ ಕೇರಿ ಇರಲಿಲ್ಲ, ಆದ್ದರಿಂದ ಮನೆ ಬರೆದಿರಲಿಲ್ಲ. ತಾರೀಖಿನ ಟ್ಯಾಗು ಖಾಲಿ ಬಂದಿತ್ತು, ಶಿವಮಲ್ಲಪ್ಪನ ಪ್ರೋಗ್ರಾಂ ಅದರಲ್ಲಿ ಆ ದಿನದ ತಾರೀಖು ಹಾಕಿತ್ತು, ನನ್ನ ಪ್ರೋಗ್ರಾಂ ಅದನ್ನು ಶ್ರದ್ಧೆಯಿಂದ ಎಕ್ಸ್‌ಎಂಎಲ್‌ಗೆ ಇಳಿಸಿ ಕಳಿಸಿತ್ತು. ಕೇರಿ ಹುಟ್ಟುವ ಮೊದಲಿನ ನಕ್ಷೆ ಈಗ ಈ ವರ್ಷದ ನಕ್ಷೆಯಾಗಿತ್ತು.

ಶಿವಮಲ್ಲಪ್ಪ ತನ್ನ ಪ್ರೋಗ್ರಾಂ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟ. ಆಮೇಲೆ, "ಬರಿದಾಗ್ ಕಳಿಸ್ಬಾರ್ದು ಅಂತ ಆಕ್ಬುಟ್ಟೆ ಕಣಕ್ಕ," ಎಂದ. ಅವನ ಕಣ್ಣು ತುಂಬಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಸಿಟ್ಟನ್ನೆಲ್ಲ ನಟರಾಜನ್ ಸಾರ್ ಬರುವ ದಿನಕ್ಕೆ ಇಟ್ಟುಕೊಂಡೆ.

ಅವರು ಬಂದರು, ಹಣ್ಣು ಮೂಸಿದರು, ಎರಡು ಪರಿಹಾರ ಹೇಳಿದರು. ಮೊದಲನೆಯದು, ಸುಮ್ಮನಿರುವುದು. ಎರಡನೆಯದು, ಹಿಂದಿನ ಕಾಲದ ಯಾವುದಾದರೂ ಒಂದು ತಾರೀಖು ಹಾಕುವುದು. "ಯಾವುದೋ ಒಂದು ವರ್ಷ ಹಾಕಮ್ಮಾ. ನೋಡೋಕೆ ಹಳೇದಾಗಿದ್ರೆ ಸಾಕು. ಕೇಳೋರ್ ಯಾರು?"

"ಕೇಳೋರು ಬಾಗಿಲಲ್ಲೇ ನಿಂತಿದ್ರು ಸಾರ್, ಕೋಸು ಕೊಯ್ಯೋ ಕೆಲಸ ಬಿಟ್ಟು," ಎಂದೆ. "ಒಂದು ಸುಳ್ಳು ತಾರೀಖಿನಿಂದ ಮನೆ ಹೋಗ್ತಾ ಇದೆ. ಇನ್ನೊಂದು ಸುಳ್ಳು ಹಾಕಿ ಸಿಕ್ಕಿಬಿದ್ರೆ ಆ ಕೇರಿಯವರ ಮಾತನ್ನ ಮುಂದೆ ಯಾರೂ ನಂಬಲ್ಲ."

ಅವರ ಎದುರಿಗೇ ಕೂತು ಆ ಒಂದು ಫೈಲಿನಲ್ಲಿ ತಾರೀಖು ಅಳಿಸಿ ‘ಗೊತ್ತಿಲ್ಲ’ ಎಂದು ಹಾಕಿದೆ. ವ್ಯಾಲಿಡೇಟರ್ ಹಸಿರು ತೋರಿಸಿತು. ಹಸಿರು ಕಂಡ ಮೇಲೆ ನಟರಾಜನ್ ಸಾರ್‌ಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ವಿಚಾರಣೆ ನಡೆದದ್ದು ಜೀರಹಳ್ಳಿಯ ಶಾಲೆಯ ಜಗುಲಿಯಲ್ಲಿ. ಕೆಳಗಿನಿಂದ ಬಂದ ಅಧಿಕಾರಿ ಕುರ್ಚಿಯ ಮೇಲೆ, ನಾವು ಬೆಂಚಿನ ಮೇಲೆ, ಕೇರಿಯವರು ಕೆಳಗೆ ಅಂಗಳದಲ್ಲಿ. ಮೊದಲು ಬಂದ ಫೈಲಿನಲ್ಲಿ ಈ ವರ್ಷದ ತಾರೀಖಿದೆ, ಈಗ ಬಂದದ್ದರಲ್ಲಿ ಗೊತ್ತಿಲ್ಲ ಎಂದಿದೆ, ಯಾವುದು ಸರಿ ಎಂದು ಅವರು ಕೇಳಿದರು. ನಟರಾಜನ್ ಸಾರ್ ಎದ್ದು ನಿಂತು ಎಕ್ಸ್‌ಎಂಎಲ್, ಸ್ಕೀಮಾ, ವ್ಯಾಲಿಡೇಟರ್ ಎಂದು ಅರ್ಧ ಇಂಗ್ಲಿಷ್, ಅರ್ಧ ತಮಿಳಿನಲ್ಲಿ ಮಾತಾಡಿದರು. ಅಧಿಕಾರಿ ಅರ್ಥವಾದವರಂತೆ ತಲೆಯಾಡಿಸಿದರು. ಇಬ್ಬರಿಗೂ ಅರ್ಥವಾಗಿಲ್ಲ ಎಂದು ಗೊತ್ತಿದ್ದವರು ನಾನು ಮತ್ತು ಶಿವಮಲ್ಲಪ್ಪ.

ಕೊನೆಗೆ ಶಿವಮಲ್ಲಪ್ಪನೇ ಎದ್ದ. "ಸಾರ್, ಆ ನಕ್ಷೆ ಯಾವಾಗ ಬರೆದದ್ದು ಅಂತ ಯಾರಿಗೂ ಗೊತ್ತಿಲ್ಲ. ತಾರೀಖು ಹಾಕಿದ್ದು ನನ್ನ ಪ್ರೋಗ್ರಾಂ. ಖಾಲಿ ಇತ್ತು, ಅದಕ್ಕೆ ಹಾಕ್ತು."

"ಖಾಲಿ ಇದ್ದರೆ ಖಾಲಿ ಬಿಡೋದಲ್ವಾ?" ಎಂದರು ಅಧಿಕಾರಿ, ದೊಡ್ಡ ಬುದ್ಧಿವಂತಿಕೆಯಿಂದ. ಆಮೇಲೆ ತಮ್ಮ ವರದಿಯ ಹಾಳೆ ತೆಗೆದುಕೊಂಡರು. ಅದರಲ್ಲಿ ‘ವಸತಿ ಹಳೆಯದೋ ಹೊಸದೋ’ ಎಂಬ ಕಾಲಂ ಇತ್ತು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಖಾಲಿ ಬಿಡಲು ಅವರಿಗೂ ಧೈರ್ಯವಾಗಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಜೀಪು ಹತ್ತಿದರು.

ಮನೆಗಳು ಉಳಿದವು. ನನಗೆ ಹೆಮ್ಮೆಯಾಯಿತು, ಒಪ್ಪಿಕೊಳ್ಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದರಿಂದ ಒಂದು ಕೇರಿ ಉಳಿಯಿತು ಎಂದು ನಮ್ಮ ಅತ್ತಿಗೆಯ ಮುಂದೆ ಎರಡು ಮೂರು ಸಲ ಹೇಳಿಕೊಂಡೆ.

ಮಳೆ ಮುಗಿದು ರಾಗಿ ಕೊಯ್ಲಿನ ಹೊತ್ತಿಗೆ ಕೆಂಪಮ್ಮ ಮತ್ತೆ ಮೆಟ್ಟಿಲು ಹತ್ತಿ ಬಂದಳು.

"ಏನು ಕೆಂಪಮ್ಮ, ಮನೆ ಇದೆಯಲ್ಲ?"

"ಅದ ಅಮ್ಮಾರೆ. ಕಂಬ ನೆಡೋರು ಬಂದಿದ್ರು. ಪಕ್ಕದ್ ಕೇರಿಗೆಲ್ಲ ನೆಟ್ರು. ನಿಮ್ಮದಿನ್ನೂ ಗೊತ್ತಾಗಿಲ್ಲ, ಗೊತ್ತಾದ್ ಮ್ಯಾಲ ಬತ್ತೀವಿ ಅಂದ್ಬುಟ್ಟು ಒಂಟೋದ್ರು." ಅವಳು ನನ್ನ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು. "ನಿಮ್ಗ ಗೊತ್ತಿಲ್ದೇ ಇರಾದ್ಕ ನಾವು ಕತ್ಲಲ್ಲಿ ಕುಂತಿವಿ. ಅದೆಂಗ ನ್ಯಾಯ?"

ನನ್ನ ಹೆಮ್ಮೆ ಅಲ್ಲಿಗೆ ಮುಗಿಯಿತು. ನೀವು ಈ ಕೆಲಸಕ್ಕೆ ಬರುವವರು ಇದನ್ನು ಮಾತ್ರ ಮರೆಯಬೇಡಿ. ಗೊತ್ತಿಲ್ಲ ಎಂದು ಬರೆಯುವುದಕ್ಕೆ ಧೈರ್ಯ ಬೇಕು, ಸರಿ. ಆದರೆ ಬರೆದು ಕೈ ತೊಳೆದುಕೊಂಡರೆ ಅದೂ ಸೋಮಾರಿತನವೇ. ಜೀರಹಳ್ಳಿ ಬಸ್ಸು ದಿನಾ ನಮ್ಮ ಕಿಟಕಿಯ ಕೆಳಗೇ ಹೋಗುತ್ತಿತ್ತು. ನಾವು ಅಷ್ಟು ತಿಂಗಳಲ್ಲಿ ಒಂದು ಸಲವೂ ಹತ್ತಿರಲಿಲ್ಲ.

ಶಿವಮಲ್ಲಪ್ಪನ ಬೈಕಿನಲ್ಲಿ ಮರುದಿನವೇ ಹೋದೆವು. ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಯಂತ್ರ ಇತ್ತು. ಮನೆಯ ಒಂದೊಂದು ಮೂಲೆಯಲ್ಲೂ ಅಲ್ಲಾಡದೆ ನಿಂತುಕೊಳ್ಳಬೇಕು, ಅದು ಆಕಾಶದಿಂದ ಗುರುತು ಹಿಡಿಯುವ ತನಕ. ಕೇರಿಯವರು ಸುತ್ತ ನಿಂತರು. ನಾಯಿ ಬೊಗಳಿತು. ಶಿವಮಲ್ಲಪ್ಪ ಮೇಲೆ ನೋಡುತ್ತಾ ನಿಂತದ್ದನ್ನು ನೋಡಿ ಒಬ್ಬ ಮುದುಕ, "ಮಳೆ ಬತ್ತದಾ ಸಾಮಿ?" ಎಂದು ಕೇಳಿದ. ಸಂಜೆಯ ಹೊತ್ತಿಗೆ ಕೇರಿಯ ನಕ್ಷೆ ಸಿದ್ಧವಾಯಿತು. ಬರೆದವರು ಯಾರು, ಹೇಗೆ ಅಳೆದರು, ಎಷ್ಟು ನಂಬಬಹುದು, ಎಲ್ಲವೂ ನಮಗೆ ಗೊತ್ತಿತ್ತು. ಒಂದು ಟ್ಯಾಗೂ ಖಾಲಿ ಉಳಿಯಲಿಲ್ಲ.

"ತಾರೀಕು ಯಾವ್ದು ಆಕ್ತೀರಿ?" ಎಂದು ಕೆಂಪಮ್ಮ ಕೇಳಿದಳು.

"ಇವತ್ತಿಂದು. ಇದು ನಿಜವಾದ ತಾರೀಖು."

ಅವಳು ಯೋಚಿಸಿದಳು. "ಇವತ್ತಿಂದ್ ಆಕುದ್ರ ನಮ್ಮನೆ ಇವತ್ ಕಟ್ದಂಗ್ ಆಯ್ತದಲ್ಲ ಅಮ್ಮಾರೆ?"

ಅವಳು ಹೇಳಿದ್ದು ಸರಿಯೇ. ಹಳೆಯ ನಕ್ಷೆಯಲ್ಲಿ ಮನೆ ಇಲ್ಲ, ಅದರ ಕಾಲ ಗೊತ್ತಿಲ್ಲ. ಹೊಸ ನಕ್ಷೆಯಲ್ಲಿ ಮನೆ ಇದೆ, ಅದು ಇವತ್ತಿನದು. ಎಲ್ಲವೂ ನಿಜ, ಎಲ್ಲವೂ ಹಸಿರು, ಆದರೂ ಅವಳ ಮನೆ ಆ ಸಂಜೆಯೇ ಹುಟ್ಟಿದ ಹಾಗೆ ಕಾಣುತ್ತಿತ್ತು. ನಕ್ಷೆ ಎಂದಿನದು ಎಂದು ಹೇಳಲು ಜಾಗವಿತ್ತು, ಮನೆ ಎಂದಿನದು ಎಂದು ಹೇಳಲು ಜಾಗವಿರಲಿಲ್ಲ.

ಆ ದಪ್ಪ ಪುಸ್ತಕದಲ್ಲಿ ಹುಡುಕಿದೆ. ಹಿನ್ನೆಲೆ ಎಂದೊಂದು ಭಾಗವಿದೆ. ಮಾಹಿತಿ ಎಲ್ಲಿಂದ ಬಂತು ಎಂಬುದನ್ನು ಅಲ್ಲಿ ಎಷ್ಟು ಸಾಲಾದರೂ ಬರೆಯಬಹುದು. ಯಾರೂ ಬರೆಯುವುದಿಲ್ಲ, ಬರೆದರೂ ಯಾರೂ ಓದುವುದಿಲ್ಲ. ನಾವು ಮತ್ತೆ ಕೇರಿಗೆ ಹೋಗಿ ಮನೆಮನೆಯಲ್ಲೂ ಕೂತು ಕೇಳಿ ಬರೆದೆವು. ಈ ಮನೆಯನ್ನು ಕಟ್ಟಿದವರು ಕೆಂಪಮ್ಮನ ಮಾವ, ಅವರ ದೊಡ್ಡ ಮಗ ಹುಟ್ಟುವುದಕ್ಕೆ ಮೊದಲು, ಹೇಳಿದವರು ಕೆಂಪಮ್ಮ. ಹೀಗೆ ಒಂದೊಂದು ಮನೆಗೂ. ಎಕ್ಸ್‌ಎಂಎಲ್‌ಗೆ ಇಳಿಸಿ, ಮತ್ತೆ ಬಿಡಿಸಿ, ಅಕ್ಷರ ಅಕ್ಷರ ಕೂಡಿಸಿ ನೋಡಿದೆವು. ಶಿವಮಲ್ಲಪ್ಪನ ಪ್ರೋಗ್ರಾಂ ಈ ಸಲ ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ.

ಅದೇ ಅಧಿಕಾರಿ ಅದೇ ಜಗುಲಿಗೆ ಬಂದರು. ನಟರಾಜನ್ ಸಾರ್‌ಗೆ ಅವತ್ತು ಘಟ್ಟದಲ್ಲಿ ತಲೆ ಸುತ್ತು ಜಾಸ್ತಿಯಾಗಿತ್ತಂತೆ, ಬರಲಿಲ್ಲ. ಅಧಿಕಾರಿ ನಮ್ಮ ಹಾಳೆಯನ್ನು ಓದಿದರು. ಆ ಹಿನ್ನೆಲೆಯ ಸಾಲುಗಳ ಹತ್ತಿರ ಬಂದು ನಿಂತರು. ಕೆಂಪಮ್ಮನ ಮನೆಯ ಸಾಲನ್ನು ಗಟ್ಟಿಯಾಗಿ ಓದಿದರು. ನನ್ನ ಕಡೆ ತಿರುಗಿದರು.

"ಇದಕ್ಕೆ ಆಧಾರ ಏನಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಅಂಗಳದಿಂದ ಕೆಂಪಮ್ಮ ಎದ್ದು ನಿಂತಳು.

"ನಾನು ಸಾಮಿ. ನಾನೇ ಯೋಳಿದ್ದು. ಕೇಳಿ, ಯೋಳ್ತೀನಿ."

ಅಧಿಕಾರಿ ಕೇಳಿದರು. ಗೋಡೆಗೆ ಮಣ್ಣು ಎಲ್ಲಿಂದ ತಂದದ್ದು, ತೊಲೆ ಯಾವ ಮರದ್ದು, ಹೆರಿಗೆಗಳು ಯಾವ ಕೋಣೆಯಲ್ಲಾದವು, ಮಾವ ಯಾವ ಮೂಲೆಯಲ್ಲಿ ಮಲಗಿ ಪ್ರಾಣ ಬಿಟ್ಟರು, ಅವಳು ಒಂದೊಂದಾಗಿ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅಧಿಕಾರಿ ತಮ್ಮ ಹಳೆಯ ವರದಿ ತೆಗೆದು ‘ಪರಿಶೀಲನೆಯಲ್ಲಿದೆ’ ಎಂಬುದನ್ನು ಹೊಡೆದುಹಾಕಿ ‘ಹಳೆಯ ವಸತಿ’ ಎಂದು ಬರೆದರು. ಆ ಬೇಸಗೆಗೆ ಮುಂಚೆ ಕಂಬಗಳು ಬಂದವು.

ಅವಳು ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿ ಬಂದ ದಿನದಿಂದ ಕೇರಿಯಲ್ಲಿ ಮನೆಮನೆ ಕೂತು ಬರೆದ ದಿನದವರೆಗೆ ನಾವು ನಕ್ಷೆಯನ್ನು ಕೇಳಿದ್ದೆವು, ಪ್ರೋಗ್ರಾಂ ಕೇಳಿದ್ದೆವು, ದಪ್ಪ ಪುಸ್ತಕ ಕೇಳಿದ್ದೆವು. ಆ ಮನೆ ಯಾವಾಗಿನದು ಎಂದು ಅದರೊಳಗೆ ಇರುವವಳನ್ನು ಕೇಳುವುದು ನಮ್ಮ ಯಾರ ತಲೆಗೂ ಮೊದಲು ಬಂದಿರಲಿಲ್ಲ.